ಇಪ್ಪತ್ತೇಳು ಗಂಡಸರ ವಂಶಾವಳಿ

೧೭೬೪, ಜುಲೈ ೩, ಮಂಗಳವಾರ

ಸ್ಪೇನಿನಿಂದ ಕಾಗದ ಬಂದಿದೆ. ಕಳ್ಳಹಡಗಿನವರು ಅದನ್ನು ದ್ರಾಕ್ಷಾರಸದ ಪೀಪಾಯಿಗಳ ನಡುವೆ ಸಿಕ್ಕಿಸಿ ತಂದದ್ದರಿಂದ ಅರ್ಧ ಹಾಳೆ ಕೆಂಪಾಗಿದೆ. ನನಗೆ ಸ್ಪ್ಯಾನಿಷ್ ಬಾರದು. ಫಾದರ್ ಮಲಾಕಿ ಸ್ಪೇನಿನ ಸಲಮಾಂಕದಲ್ಲಿ ಏಳು ವರ್ಷ ಓದಿ ಬಂದವರು, ಅವರನ್ನೇ ಕರೆಸಿದೆ. ಓದುವ ಮುಂಚೆ ಕಾಗದವನ್ನು ಎರಡು ಸಲ ಮೂಸಿ ನೋಡಿ, ಒಳ್ಳೆಯ ಮಾಲು ಎಂದರು.

ಬರೆದವಳು ನನ್ನ ತಮ್ಮ ಫೆಲಿಮ್‌ನ ಹೆಂಡತಿ ದೊನ್ಯಾ ಇನೆಸ್. ಫೆಲಿಮ್ ಹದಿನೆಂಟನೇ ವಯಸ್ಸಿಗೆ ನಮ್ಮ ಈ ಐರಿಷ್ ಕರಾವಳಿಯಿಂದ ಇಂಥದ್ದೇ ಹಡಗು ಹತ್ತಿ ಹೋಗಿ ಸ್ಪೇನಿನ ರಾಜನ ಐರಿಷ್ ಪಡೆಯಲ್ಲಿ ಕ್ಯಾಪ್ಟನ್ ಆದವನು, ಎರಡು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ. ಅವನ ಒಬ್ಬನೇ ಮಗ ಕಾರ್ಲೋಸ್‌ಗೆ ಈಗ ಹದಿನೇಳು. ಅದೇ ಪಡೆಯಲ್ಲಿ ಅಧಿಕಾರಿಯಾಗಲು ಸೇರಬೇಕು. ಫೆಲಿಮ್ ಸೇರುವಾಗ ಕರ್ನಲ್ ನಮ್ಮ ಕಡೆಯವನೇ ಆಗಿದ್ದ, ಅಪ್ಪನ ಹೆಸರು ಹೇಳಿದ್ದೇ ಸಾಕಾಗಿತ್ತು. ಈಗಿನ ಕರ್ನಲ್‌ಗೆ ಕಾಗದ ಬೇಕು. ಹುಡುಗ ಕುಲೀನ ಮನೆತನದವನು, ಅಪ್ಪನ ಕಡೆ ಮುತ್ತಜ್ಜ ಮುತ್ತಜ್ಜಿಯವರೆಗೆ ಯಾರೂ ಕೈಕಸುಬು ಮಾಡಿ ಉಂಡವರಲ್ಲ ಎಂದು ಅರವತ್ತು ದಾಟಿದ ಮೂವರು ಗಂಡಸರು ಸುವಾರ್ತೆ ಪುಸ್ತಕ ಮುಟ್ಟಿ ಹೇಳಬೇಕು. ಆ ಮೂವರು ನಮಗೆ ಸಂಬಂಧಿಕರಾಗಿರಬಾರದು. ಸೆಪ್ಟೆಂಬರ್ ಮೊದಲ ವಾರ ಹಡಗು ಮತ್ತೆ ಬರುತ್ತದೆ. ಅದರಲ್ಲಿ ಕಾಗದ ಹೋಗದಿದ್ದರೆ ಹುಡುಗ ಸಾಮಾನ್ಯ ಸಿಪಾಯಿಯಾಗಿ ಬಂದೂಕು ಹೊರಬೇಕು.

ನನಗೆ ನಗು ಬಂತು. ನಮ್ಮ ಓ’ಮೆರನ್ ಮನೆತನಕ್ಕೂ ಸಾಕ್ಷಿ ಬೇಕಂತೆ. ಕೋಟೆ ಹೋಯಿತು, ಭೂಮಿ ಇಂಗ್ಲಿಷರ ಪಾಲಾಯಿತು, ಕೋಟೆಯ ಬುಡದ ಈ ಎರಡು ಕೋಣೆಯ ಮನೆ ಉಳಿದಿದೆ, ಒಳಗೆ ಮದುವೆಯಾಗದ ನಾನೊಬ್ಬಳು ಉಳಿದಿದ್ದೇನೆ. ಆದರೂ ಊರಿನವರು ನನ್ನನ್ನು ಒಡತಿ ಎಂದೇ ಕರೆಯುತ್ತಾರೆ. ಬರೆದುಕೊಳ್ಳಿ ಎಂದು ಫಾದರ್‌ಗೆ ಹೇಳಿ, ಅಪ್ಪ ಕಲಿಸಿದ್ದ ಹಾಗೆ ತೊಡೆಯ ಮೇಲೆ ತಾಳ ತಟ್ಟುತ್ತ ಶುರುಮಾಡಿದೆ. ಕಾರ್ಲೋಸ್ ಫೆಲಿಮ್‌ನ ಮಗ, ಫೆಲಿಮ್ ಟರ್ಲಾನ ಮಗ, ಟರ್ಲಾ ಮುರೊನ ಮಗ. ಹೀಗೆ ಇಪ್ಪತ್ತೇಳು ತಲೆ. ಉಸಿರು ಎಳೆದುಕೊಳ್ಳಲು ನಾನು ಎರಡು ಕಡೆ ಮಾತ್ರ ನಿಲ್ಲುವುದು.

ಫಾದರ್ ಮೂರು ಹೆಸರು ಬರೆದು ಲೇಖನಿ ಕೆಳಗಿಟ್ಟಿದ್ದರು. “ಅವರಿಗೆ ಇಪ್ಪತ್ತೇಳು ಬೇಡಮ್ಮ, ಮೂರೇ ಸಾಕು. ಆದ್ರೆ ಹೆಂಗಸರ ಹೆಸರೂ ಬೇಕಂತೆ. ಈ ಮುರೊ ಅವರ ಹೆಂಡತಿ ಯಾರು?”

ಅಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ನನಗೆ ಅವಳ ಹೆಸರು ಗೊತ್ತಿಲ್ಲ.

ಜುಲೈ ೪

ಬೆಳಿಗ್ಗೆಯಿಂದ ವಂಶಾವಳಿಯನ್ನು ನಾಲ್ಕು ಸಲ ಹೇಳಿ ನೋಡಿದೆ. ಎಲ್ಲೂ ಒಬ್ಬ ಹೆಂಗಸಿಲ್ಲ. ಇಪ್ಪತ್ತೇಳು ಗಂಡಸರು ಒಬ್ಬರಿಂದೊಬ್ಬರು ಹುಟ್ಟುತ್ತಾ ಬಂದಿದ್ದಾರೆ. ಐವತ್ತು ವರ್ಷ ಇದನ್ನು ಹೇಳಿಕೊಂಡು ಬಂದವಳಿಗೆ ಇವತ್ತಿನವರೆಗೆ ಇದು ವಿಚಿತ್ರವಾಗಿ ಕಾಣಲಿಲ್ಲ.

ಅಪ್ಪನನ್ನು ಅಜ್ಜಿಯ ಬಗ್ಗೆ ನಾನು ಕೇಳಲೇ ಇಲ್ಲವೇ? ಒಮ್ಮೆ ಕೇಳಿದ್ದ ನೆನಪು. ನೀನು ಹುಟ್ಟುವ ಮುಂಚೆಯೇ ಹೋದಳು ಎಂದು ಹೇಳಿ ಕುದುರೆ ನೋಡಲು ಎದ್ದು ಹೋಗಿದ್ದರು.

ಜುಲೈ ೯

ಹಾಳುಬಿದ್ದ ಮಠದಲ್ಲಿ ನಮ್ಮವರ ಸಮಾಧಿಯಿದೆ. ಚಾಕು, ನೀರಿನ ತಂಬಿಗೆ, ಒಂದು ಗಂಟು ಓಟ್ಸ್ ರೊಟ್ಟಿ ಹಿಡಿದು ಹೋದೆ. ಕಲ್ಲಿನ ಮೇಲಿನ ಪಾಚಿಯನ್ನು ಮಧ್ಯಾಹ್ನದವರೆಗೆ ಕೆರೆದೆ. ಎರಡು ಉಗುರು ಮುರಿದವು. ಕಂಡದ್ದು ಒಬ್ಬ ಡೋನಲ್, ಇನ್ನೊಬ್ಬ ಡೋನಲ್, ಕತ್ತಿ ಹಿಡಿದ ಒಂದು ಕೈ, ಒಂದು ನಾಯಿ. ನಾಯಿಯ ಹೆಸರು ಕೂಡ ಕೆತ್ತಿದ್ದಾರೆ, ಬ್ರಾನ್ ಅಂತೆ. ಹೆಂಡತಿಯರ ಹೆಸರಿಲ್ಲ.

ಸಿಟ್ಟು ಬಂತು. ಆದರೆ ನಿಜ ಹೇಳಬೇಕೆಂದರೆ, ಇಷ್ಟು ಖುಷಿಯಾಗಿ ನಾನು ದಿನ ಕಳೆದು ಎಷ್ಟೋ ವರ್ಷವಾಗಿತ್ತು.

ಜುಲೈ ೧೪

ಈ ಊರಿನಲ್ಲಿ ಅರವತ್ತು ದಾಟಿದ, ಹಳೆಯದು ನೆನಪಿರುವ ಗಂಡಸರು ಮೂವರೇ. ದೋಣಿಯ ಕ್ಯೂಮಾರಾ, ದನ ಕಾಯುತ್ತಿದ್ದ ಸೆನನ್, ಜೋಡು ಹೊಲಿಯುವ ಲೊಕ್ಲಿನ್. ಹಾಗಾಗಿ ಸಾಕ್ಷಿಗಳನ್ನು ಆರಿಸುವ ತಾಪತ್ರಯವಿಲ್ಲ.

ಕ್ಯೂಮಾರಾನನ್ನು ಕೇಳಿದೆ. ನಿಮ್ಮಜ್ಜಿ ಸ್ಕಾಟ್ಲೆಂಡಿನ ರಾಜಕುಮಾರಿ, ಕೆಂಪು ಕೂದಲು, ಮೊಣಕಾಲವರೆಗೆ ಇತ್ತು ಎಂದ. ಸೆನನ್ ಹೇಳುವುದೇ ಬೇರೆ. ಒಡೆದ ಹಡಗಿನಿಂದ ತೇಲಿ ಬಂದ ಪೋರ್ಚುಗಲ್ ಕಡೆಯ ಶ್ರೀಮಂತರ ಮಗಳಂತೆ, ಕಪ್ಪು ಕೂದಲಂತೆ. ಹೆಸರು ಕೇಳಿದರೆ ಇಬ್ಬರೂ ಸಮುದ್ರದ ಕಡೆ ನೋಡಿದರು. ಲೊಕ್ಲಿನ್‌ನನ್ನು ಕೇಳಿ, ಅವನಿಗೆ ಎಂಬತ್ತಾಯಿತು ಎಂದು ಇಬ್ಬರೂ ಕೈ ತೊಳೆದುಕೊಂಡರು.

ಜುಲೈ ೧೭

ಲೊಕ್ಲಿನ್‌ಗೆ ಹೇಳಿ ಕಳಿಸಿದ್ದೆ. ಹಿತ್ತಲ ಬಾಗಿಲಿಂದ ಬಂದ, ಟೋಪಿ ಕೈಯಲ್ಲಿ ಹಿಡಿದು ಒಲೆಯ ಪಕ್ಕ ನಿಂತ. ಕೂರು ಎನ್ನಲು ನನಗೆ ತೋಚಲಿಲ್ಲ, ಅವನೂ ಕೂರಲಿಲ್ಲ. ಮೈಯಿಂದ ತೊಗಲಿನ ವಾಸನೆ. ಅಪ್ಪ ಇವನ ಮನೆಯ ಮುಂದೆ ಹಾಯುವುದನ್ನು ತಪ್ಪಿಸಲು ಯಾವಾಗಲೂ ಬಂಡೆಯ ದಾರಿ ಹಿಡಿಯುತ್ತಿದ್ದರು. ಈ ವಾಸನೆಗೇ ಇರಬೇಕು.

ವಿಷಯ ಹೇಳಿ, ಸಾಕ್ಷಿಗೆ ಬರುವವನಿಗೆ ಗೊತ್ತಿರಲಿ ಎಂದು ವಂಶಾವಳಿ ಹೇಳಿದೆ. ಮುಗಿಸಿದಾಗ ಅವನು ಕೆಮ್ಮಿದ.

“ಇಪ್ಪತ್ತೇಳು ಅಂತೀರಿ ಒಡತಿ, ಹೇಳಿದ್ದು ಇಪ್ಪತ್ತಾರು. ಕುಂಟ ಡೋನಲ್‌ನ ಬಿಟ್ರಿ. ಡೋನಲ್ ಆದ್ಮೇಲೆ ಇನ್ನೊಬ್ಬ ಡೋನಲ್ ಬರ್ತಾನೆ.”

ಬೆರಳು ಮಡಚಿ ಎಣಿಸಿದೆ. ಇಪ್ಪತ್ತಾರೇ. ಎಷ್ಟು ವರ್ಷದಿಂದ ಕುಂಟನನ್ನು ಬಿಟ್ಟು ಹೇಳುತ್ತಿದ್ದೆನೋ. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. ಸಣ್ಣವನಿದ್ದಾಗ ಎಲ್ಲೋ ಕೇಳಿದ್ದು ಎಂದ. ನನ್ನ ಅಜ್ಜಿಯ ಹೆಸರು? ಗೊತ್ತಿಲ್ಲ ಎಂದ. ಇಪ್ಪತ್ತೇಳು ಗಂಡಸರನ್ನು ನೆನಪಿಟ್ಟುಕೊಂಡವನು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಇವನಿಗೆ ಗೊತ್ತಿದೆ.

ಜುಲೈ ೧೮

ಗೊತ್ತಿದೆ. ನೂರಕ್ಕೆ ನೂರು ಗೊತ್ತಿದೆ.

ಜುಲೈ ೨೩

ಎಡಗಾಲಿನ ಜೋಡಿನ ಹೊಲಿಗೆ ಬಿಟ್ಟಿತ್ತು. ಬಿಟ್ಟಿತ್ತು ಎನ್ನುವುದಕ್ಕಿಂತ, ಚಾಕುವಿನಿಂದ ಸ್ವಲ್ಪ ಬಿಡಿಸಿದೆ. ಅದನ್ನು ನೆಪ ಮಾಡಿಕೊಂಡು ಲೊಕ್ಲಿನ್‌ನ ಮನೆಗೆ ನಾನೇ ಹೋದೆ. ಜೀವಮಾನದಲ್ಲಿ ಮೊದಲ ಸಲ. ವಿಧವೆ ಮಗಳು ಸೈವ್ ಅಪ್ಪನ ಜೊತೆಗಿದ್ದಾಳೆ. ನನ್ನನ್ನು ಕಂಡು ಸ್ಟೂಲನ್ನು ಲಂಗದ ಅಂಚಿನಿಂದ ಮೂರು ಸಲ ಒರೆಸಿದಳು. ಮಜ್ಜಿಗೆ ಕೊಟ್ಟಳು, ಬಿಸಿ ಆಲೂಗಡ್ಡೆ ಕೊಟ್ಟಳು. ಮಜ್ಜಿಗೆ ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು.

ಲೊಕ್ಲಿನ್ ತಲೆಯೆತ್ತದೆ ಹೊಲಿದುಕೊಟ್ಟ. ಚಾಕುವಿನ ಗುರುತು ಕಂಡಿತೇನೋ, ಮೀಸೆಯಲ್ಲಿ ನಕ್ಕ ಹಾಗಾಯಿತು. ಹೆಸರಿನ ವಿಷಯ ಬಾಯಿ ಬಿಡಲಿಲ್ಲ.

ಜುಲೈ ೨೮

ಬಲಗಾಲಿನ ಜೋಡು.

ಆಗಸ್ಟ್ ೨, ಗುರುವಾರ

ಇವತ್ತಿನದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಮೂರನೇ ಸಲ ಅವನ ಮನೆಗೆ ಹೋದಾಗ ಯಾವ ನೆಪವೂ ಇರಲಿಲ್ಲ. ಸೈವ್ ಹೊರಗೆ ಬಟ್ಟೆ ಒಣಗಿಸುತ್ತಿದ್ದಳು. ಲೊಕ್ಲಿನ್ ತೊಡೆಯ ಮೇಲೆ ಚಪ್ಪಟೆ ಕಲ್ಲಿಟ್ಟುಕೊಂಡು, ಅದರ ಮೇಲೆ ನೆನೆಸಿದ ತೊಗಲನ್ನು ಹಾಸಿ ಸುತ್ತಿಗೆಯಿಂದ ಬಡಿಯುತ್ತಿದ್ದ. ಎರಡು ನಿಧಾನ, ಮೂರು ಬೇಗ, ಒಂದು ನಿಲುಗಡೆ. ಎರಡು ನಿಧಾನ, ಮೂರು ಬೇಗ. ಬಾಗಿಲಲ್ಲಿ ನಿಂತಿದ್ದ ನನ್ನ ಕೈ ತನ್ನಷ್ಟಕ್ಕೆ ತೊಡೆ ತಟ್ಟತೊಡಗಿತು. ತುಟಿಯಲ್ಲಿ ಹೆಸರುಗಳು ಬಂದವು. ಫೆಲಿಮ್ ಟರ್ಲಾನ ಮಗ, ಟರ್ಲಾ ಮುರೊನ ಮಗ. ಒಂದು ಪೆಟ್ಟೂ ಹೆಚ್ಚುಕಡಿಮೆಯಿಲ್ಲ.

ಅಪ್ಪ ಕಲಿಸಿದ್ದು ಇದೇ ತಾಳ. ನಮ್ಮ ಪೂರ್ವಜರು ಯುದ್ಧಕ್ಕೆ ಹೋಗುವಾಗ ಹೊಡೆಯುತ್ತಿದ್ದ ನಗಾರಿಯದು ಎಂದಿದ್ದರು.

ಸುತ್ತಿಗೆ ನಿಂತಿತು. ಲೊಕ್ಲಿನ್ ನನ್ನನ್ನು ನೋಡಿದ. ಒಳಗೆ ಬಂದ ಸೈವ್ ಇಬ್ಬರನ್ನೂ ನೋಡಿ ಬುಟ್ಟಿ ಕೆಳಗಿಟ್ಟಳು. “ಹೇಳಿಬಿಡಪ್ಪ. ಅರವತ್ತು ವರ್ಷ ಹೊತ್ತಿದ್ದು ಸಾಕು” ಎಂದಳು.

ಅವನು ಹೇಳಿದ್ದು ಇದು. ಕೋಟೆ ಬಿದ್ದ ಮೇಲೆ ಇಂಗ್ಲಿಷ್ ಸೈನಿಕರು ಮುರೊ ಅಜ್ಜನನ್ನು ಹುಡುಕುತ್ತಿದ್ದರು. ಅಜ್ಜನನ್ನು ಲೊಕ್ಲಿನ್‌ನ ತಾತ ಡರ್ಮಟ್ ಹಸಿ ತೊಗಲಿನ ರಾಶಿಯ ಕೆಳಗೆ ಎರಡು ಚಳಿಗಾಲ ಬಚ್ಚಿಟ್ಟ. ನಾತಕ್ಕೆ ಸೈನಿಕರು ಹತ್ತಿರ ಸುಳಿಯುತ್ತಿರಲಿಲ್ಲ. ಆಮೇಲೆ ಕೆಲಸದಾಳು ಎಂದು ಹೇಳಿ ಜೋಡು ಹೊಲಿಯುವ ಮಣೆಯ ಮೇಲೆ ಕೂರಿಸಿಕೊಂಡ. ಅಜ್ಜ ಹೊಲಿಗೆ ಕಲಿತರು, ಸಾಯುವವರೆಗೂ ಹೊಲಿದರು. ಕೆಟ್ಟ ಕೆಲಸ, ಅವರು ಹೊಲಿದ ಜೋಡಿನಲ್ಲೆಲ್ಲ ನೀರು ನುಗ್ಗುತ್ತಿತ್ತಂತೆ. ಡರ್ಮಟ್‌ನ ಮಗಳು ಸೋರಹಾಳನ್ನು ಮದುವೆಯಾದರು. ಅವಳೇ ನನ್ನ ಅಜ್ಜಿ, ಲೊಕ್ಲಿನ್‌ಗೆ ಸೋದರತ್ತೆ.

ನಮ್ಮ ಅಪ್ಪ ಹೇಳಿದ್ದು ಬೇರೆ, ಈ ತಾಳ ನಗಾರಿಯದು, ಅಪ್ಪನಿಗೆ ವಂಶಾವಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟವರು ಅಜ್ಜ ಮುರೊ ಎಂದು ನಾನು ಕೂಗಿದೆ.

“ಮುರೊ ದೊರೆ ಸತ್ತಾಗ ನಿಮ್ಮಪ್ಪನಿಗೆ ಇನ್ನೂ ಮಾತೇ ಸರಿಯಾಗಿ ಬರ್ತಿರಲಿಲ್ಲ, ಒಡತಿ. ತನ್ನನ್ನ ಯಾವಾಗ ಗಲ್ಲಿಗೆ ಹಾಕ್ತಾರೋ ಅಂತ ದೊರೆ ಅದನ್ನ ಹೆಂಡ್ತಿಗೆ ಕಲಿಸಿದ್ರು. ಅತ್ತೆಗೆ ಓದು ಬರಹ ಇಲ್ಲ. ಸುತ್ತಿಗೆ ಪೆಟ್ಟಿಗೆ ಒಂದೊಂದು ಹೆಸರು ಜೋಡಿಸ್ಕೊಂಡು ಬಾಯಿಪಾಠ ಮಾಡಿದ್ಳು. ನಿಮ್ಮಪ್ಪನಿಗೆ ಕಲಿಸಿದ್ಳು. ನಾನು ಪಕ್ಕದಲ್ಲಿ ಕೂತಿರ್ತಿದ್ದೆ, ನಂಗೂ ಬಂತು.”

ಅಜ್ಜಿ ತೀರಿಹೋದ ಮರುವರ್ಷ ಅಪ್ಪನಿಗೆ ಗಾಲ್ವೇಯ ದೊಡ್ಡ ಮನೆಯ ಹೆಣ್ಣು ಗೊತ್ತಾಯಿತು, ನನ್ನ ಅಮ್ಮ. ಜೋಡು ಹೊಲಿಯುವವರ ಸಂಬಂಧ ತಿಳಿದರೆ ಅವರು ಹೆಣ್ಣು ಕೊಡುತ್ತಿರಲಿಲ್ಲ. ಅಪ್ಪ ಈ ಮನೆಗೆ ಬಂದು ಲೊಕ್ಲಿನ್‌ನ ಅಪ್ಪನ ಕಾಲು ಹಿಡಿದು ಕೇಳಿದರಂತೆ, ಇನ್ನು ಮುಂದೆ ನಾವು ನಿಮಗೆ ಯಾರೂ ಅಲ್ಲ ಎಂದು ಮಾತು ಕೊಡಿ ಅಂತ. ಮನೆತನ ಮತ್ತೆ ಎದ್ದು ನಿಲ್ಲಲಿ ಎಂದು ಕೊಟ್ಟರು. ಆಗ ಲೊಕ್ಲಿನ್‌ಗೆ ಇಪ್ಪತ್ತೊಂದು ವರ್ಷ. ಅವನೂ ಕೊಟ್ಟ.

ನಾನು ಎದ್ದು ಬಂದೆ. ಸೈವ್ ಕೊಟ್ಟ ಮಜ್ಜಿಗೆ ಅಲ್ಲೇ ಉಳಿಯಿತು.

ಆಗಸ್ಟ್ ೩

ಬರೆಯುವಂಥದ್ದು ಏನೂ ಇಲ್ಲ.

ಆಗಸ್ಟ್ ೫, ಭಾನುವಾರ

ಇಂಗ್ಲಿಷರು ನಮಗೆ ಚರ್ಚು ಉಳಿಸಿಲ್ಲ, ಪೂಜೆ ಈ ವಾರವೂ ಸೆನನ್‌ನ ಕಣಜದಲ್ಲಿ. ನನಗೆ ಎಂದಿನಂತೆ ಮುಂದೆ ಕುರ್ಚಿ. ಹಿಂದಿರುಗಿ ನೋಡಬಾರದು ಎಂದುಕೊಂಡೇ ಮೂರು ಸಲ ನೋಡಿದೆ. ಲೊಕ್ಲಿನ್ ಬಾಗಿಲ ಬಳಿ ನಿಂತಿದ್ದ. ಕಿವಿ ಅಪ್ಪನದೇ, ಕೆಳಗೆ ಜೋತುಬಿದ್ದ ಹಾಲೆಯಿಲ್ಲದೆ ಕೆನ್ನೆಗೆ ಅಂಟಿದ್ದು. ಇಷ್ಟು ವರ್ಷ ಇದು ಎಲ್ಲರ ಕಣ್ಣಿಗೂ ಬಿದ್ದಿರಬೇಕು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನನಗೂ ಅದೇ.

ಆಗಸ್ಟ್ ೮

ಎಣಿಸಿ ಎಣಿಸಿ ನೋಡಿದೆ. ಸತ್ಯ ಬರೆದರೆ ಕಾರ್ಲೋಸ್‌ನ ಮುತ್ತಜ್ಜಿ ಜೋಡು ಹೊಲಿಯುವವನ ಮಗಳು, ಮುತ್ತಜ್ಜನೇ ಕೈಕಸುಬು ಮಾಡಿದವನು, ಮೂರನೇ ಸಾಕ್ಷಿ ಸಂಬಂಧಿಕ. ಮೂರು ಕಡೆಯಿಂದಲೂ ಕಾಗದ ಬಿದ್ದುಹೋಗುತ್ತದೆ. ಆ ಹುಡುಗನನ್ನು ಬಿಟ್ಟರೆ ಓ’ಮೆರನ್ ಎನ್ನುವ ಹೆಸರು ಹೊರಲು ಭೂಮಿಯ ಮೇಲೆ ಇನ್ನು ಯಾರೂ ಇಲ್ಲ. ನಾನು ಅವನನ್ನು ನೋಡಿಲ್ಲ. ಫೆಲಿಮ್‌ನ ಹಾಗೆ ನಡೆಯುವಾಗ ಒಂದು ಭುಜ ತಗ್ಗಿಸುತ್ತಾನೇನೋ ಎಂದು ಯೋಚಿಸುತ್ತಿರುತ್ತೇನೆ.

ಸಂಜೆ ಹೋಗಿ ಲೊಕ್ಲಿನ್‌ಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಸಂಬಂಧ ಇಲ್ಲ ಅಂತಲೇ ಹೇಳುತ್ತೇನೆ ಎಂದರು. ಸೋರಹಾ ಪಡುವಣ ಕಡೆಯ ಒಳ್ಳೆಯ ಮನೆಯವಳು, ಮುರೊ ದೊರೆ ತೊಗಲು ಮುಟ್ಟಿದವರಲ್ಲ, ನನಗೂ ಆ ಮನೆಗೂ ಏನೂ ಸಂಬಂಧವಿಲ್ಲ. ಹೀಗೆ ಹೇಳಿದರಾಯಿತಲ್ಲ?

ಪುಸ್ತಕ ಮುಟ್ಟಿ ಹೇಳಬೇಕಲ್ಲ ಎಂದೆ.

“ಮುಟ್ಟದೇನೇ ಅರವತ್ತು ವರ್ಷ ಹೇಳಿದೀನಿ. ಇನ್ನೊಂದು ಸಲ ಹೇಳಿದ್ರೆ ಏನಾಗತ್ತೆ? ಅಭ್ಯಾಸ ಇದೆ.”

ಫಾದರ್‌ಗೆ ಏನೂ ಹೇಳುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು. ಸಮಾಧಾನವಾಯಿತು. ಸಮಾಧಾನವಾಗಬೇಕು.

ಆಗಸ್ಟ್ ೧೨

ಸೋರಹಾ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದರು ಎಂದು ತಿಳಿಯದೆ ಇರಲಾಗಲಿಲ್ಲ. ಪೂಜೆ ಮುಗಿದ ಮೇಲೆ ಲೊಕ್ಲಿನ್ ಕರೆದುಕೊಂಡು ಹೋದರು. ಮಠದ ಗೋಡೆಯ ಹೊರಗೆ, ಅವಳ ತವರಿನವರ ನಡುವೆ, ಕೆತ್ತನೆಯಿಲ್ಲದ ಒಂದು ಕಲ್ಲು. ಕಳೆದ ತಿಂಗಳು ನಾನು ಪಾಚಿ ಕೆರೆಯುವಾಗ ರೊಟ್ಟಿಯ ಗಂಟನ್ನು ಇಟ್ಟಿದ್ದು ಇದೇ ಕಲ್ಲಿನ ಮೇಲೆ.

ಅವಳು ಹೇಗಿದ್ದಳು ಎಂದು ಕೇಳಿದೆ. ದಾರಿಯುದ್ದಕ್ಕೂ ಕೇಳುತ್ತಲೇ ಬಂದೆ. ಗಿಡ್ಡ. ಸಿಡುಕಿ. ಮೀನು ತಿನ್ನುತ್ತಿರಲಿಲ್ಲ, ಸಮುದ್ರದ ಪಕ್ಕ ಹುಟ್ಟಿ ಮೀನು ತಿನ್ನದವಳು. ಹೆಸರು ತಪ್ಪಿ ಹೇಳಿದರೆ ತೊಗಲಿನ ಬಾರಿನಿಂದ ಮಂಡಿಗೆ ಬೀಸುತ್ತಿದ್ದಳು, ದೊರೆಮಗ ಅಂತಲೂ ನೋಡುತ್ತಿರಲಿಲ್ಲ. ಕುಂಟ ಡೋನಲ್‌ನನ್ನು ಬಿಟ್ಟರೆ ಎರಡೇಟು. ನನಗೂ ಮೀನು ಸೇರುವುದಿಲ್ಲ.

ಲೊಕ್ಲಿನ್ ಇಳಿಜಾರಿನಲ್ಲಿ ಏದುಸಿರು ಬಿಡುತ್ತಿದ್ದರು. ತೋಳು ಹಿಡಿದುಕೊಂಡೆ. ತೊಗಲಿನ ವಾಸನೆ ಇರಲಿಲ್ಲವೋ, ನಾನು ಗಮನಿಸಲಿಲ್ಲವೋ.

ಆಗಸ್ಟ್ ೧೭

ಲೊಕ್ಲಿನ್ ಅವರಿಗೆ ಹೇಳಬೇಕಾದದ್ದನ್ನು ಮತ್ತೊಮ್ಮೆ ಒಪ್ಪಿಸಲು ಹೇಳಿದೆ. ಒಂದಕ್ಷರ ತಪ್ಪದೆ ಒಪ್ಪಿಸಿದರು. ಸೈವ್ ನನ್ನ ಜೊತೆ ಹೊರಗೆ ಬಂದಳು. ಅಪ್ಪ ಎರಡು ದಿನದಿಂದ ಊಟ ಸರಿಯಾಗಿ ಮಾಡುತ್ತಿಲ್ಲ, ನರಕ ಅಂದರೆ ಬೆಂಕಿ ಮಾತ್ರವೋ ಚಳಿಯೂ ಇರುತ್ತದೋ ಎಂದು ಕೇಳುತ್ತಿರುತ್ತಾರೆ, ಅವರಿಗೆ ಚಳಿ ತಡೆಯಲಾಗುವುದಿಲ್ಲ ಎಂದಳು. ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೨೧, ಮಂಗಳವಾರ

ಸಾಕ್ಷಿ ನಮ್ಮ ಮನೆಯಲ್ಲೇ ನಡೆಯಿತು. ಫಾದರ್ ಮಲಾಕಿ ಮೇಜಿನ ಮೇಲೆ ಪುಸ್ತಕವಿಟ್ಟು, ಬಿಷಪರ ಮುದ್ರೆಗೆ ಕಳಿಸಬೇಕಾದ ಕಾಗದ ಬಿಚ್ಚಿ ಕೂತರು. ಕ್ಯೂಮಾರಾನದು ಮೊದಲು, ಆಮೇಲೆ ಸೆನನ್. ಇಬ್ಬರೂ ಸಂಬಂಧವಿಲ್ಲ ಎಂದರು, ಅದು ನಿಜ. ಮುರೊ ಅವರ ಹೆಂಡತಿಯ ಬಗ್ಗೆ ನಮಗಿಂತ ಲೊಕ್ಲಿನ್‌ಗೆ ಚೆನ್ನಾಗಿ ಗೊತ್ತು ಎಂದು ಜಾರಿಕೊಂಡರು.

ಲೊಕ್ಲಿನ್ ಬಂದು ನಿಂತರು. ಗಡ್ಡ ಹೆರೆದು, ಯಾರದೋ ಕೋಟು ಹಾಕಿಕೊಂಡು ಬಂದಿದ್ದರು. ಕೈ ಪುಸ್ತಕದ ಮೇಲಿಟ್ಟರು. ಬೆರಳುಗಳು ದಾರ ಉಜ್ಜಿ ಉಜ್ಜಿ ಸೀಳಿವೆ, ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆ. ಈ ಮನೆತನಕ್ಕೆ ನೀನು ರಕ್ತದಿಂದಾಗಲಿ ಮದುವೆಯಿಂದಾಗಲಿ ಸಂಬಂಧಿಕನೇ ಎಂದು ಫಾದರ್ ಕೇಳಿದರು.

ನಾನು ಯೋಚಿಸಿ ಮಾಡಿದ್ದಲ್ಲ. ಹಾಗೆಂದು ಇಲ್ಲಿ ಬರೆದಿಡುತ್ತೇನೆ. ಅವರು ತುಟಿ ತೆರೆದರು, ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

“ಅವ್ರ ಕೈಲಿ ಹೇಳಿಸ್ಬೇಡಿ ಸ್ವಾಮಿ. ಅವ್ರು ನಮ್ಮಪ್ಪನ ಸೋದರಮಾವನ ಮಗ. ನಂಗೆ ಮಾವ ಆಗ್ಬೇಕು.”

ಲೊಕ್ಲಿನ್ ಮಾವ ಪುಸ್ತಕದಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. ಅವರು ಸಿಟ್ಟಾಗಿದ್ದನ್ನು ನಾನು ಕಂಡಿರಲಿಲ್ಲ.

“ಬುದ್ಧಿ ಇದೆಯೇನೇ ನಿಂಗೆ? ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ. ಅರವತ್ತು ವರ್ಷ ಹಲ್ಲು ಕಚ್ಚಿ ಇಟ್ಕೊಂಡಿದ್ದನ್ನ ಒಂದು ಗಳಿಗೇಲಿ ಚೆಲ್ಲಿಬಿಟ್ಯಲ್ಲ. ನರಕಕ್ಕೆ ಹೋಗೋನು ನಾನು, ನಿಂಗೇನು ಬಂತು ಕಷ್ಟ? ಆ ಹುಡುಗನ ಬಾಳು ಏನಾಗತ್ತೆ ಈಗ? ಕೂತ್ಕೋ, ಬಾಯಿ ಮುಚ್ಕೊಂಡು ಕೂತ್ಕೋ.”

ನಾನು ಕೂತೆ. ಐವತ್ತೇಳು ವರ್ಷದವಳು, ಊರ ಒಡತಿ, ಬಾಯಿ ಮುಚ್ಚಿಕೊಂಡು ಕೂತೆ. ಅಪ್ಪ ಹೋದ ಮೇಲೆ ನನ್ನನ್ನು ಯಾರೂ ಗದರಿದವರಿಲ್ಲ. ಅಳು ಬಂತು, ಅದರ ಜೊತೆಗೇ ನಗುವೂ ಬಂತು.

ಮೊದಲು ಮಾತಾಡಿದವನು ಕ್ಯೂಮಾರಾ. ಅಂತೂ ಹೊರಗೆ ಬಂತಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ, ಇವರ ಮುಂದೆ ಆ ಸ್ಕಾಟ್ಲೆಂಡ್ ರಾಜಕುಮಾರಿಯನ್ನು ಎಲ್ಲಿಂದ ಹುಟ್ಟಿಸಿದೆನೋ ಎಂದ. ನನ್ನದು ಪೋರ್ಚುಗಲ್‌ನವಳು ಎಂದ ಸೆನನ್. ಊರಿನಲ್ಲಿ ಇದು ಗೊತ್ತಿಲ್ಲದವರು ನಾನು, ಮತ್ತೆ ಹೊರಗಿನಿಂದ ಬಂದ ಫಾದರ್, ಇಬ್ಬರೇ.

ಫಾದರ್ ಗಲ್ಲ ತುರಿಸಿಕೊಂಡು, ಈಗ ಏನು ಬರೆಯಲಿ ಎಂದು ನನ್ನನ್ನೇ ಕೇಳಿದರು. ಇದ್ದದ್ದನ್ನು ಬರೆಯಿರಿ ಎಂದೆ. ಬರೆದರು. ಮುರೊ, ಮತ್ತು ಅವನ ಹೆಂಡತಿ ಸೋರಹಾ, ಜೋಡು ಹೊಲಿಯುವ ಡರ್ಮಟ್‌ನ ಮಗಳು. ಗಂಡನ ಜೀವವನ್ನೂ ವಂಶಾವಳಿಯನ್ನೂ ಉಳಿಸಿದವಳು ಎಂದು ಸೇರಿಸಲು ನಾನೇ ಹೇಳಿದೆ. ಅಲ್ಲಿನ ಕರ್ನಲ್‌ಗೆ ಹೃದಯ ಅಂತ ಒಂದಿದ್ದರೆ ಸಾಕಾಗುತ್ತದೆ.

ಸೆಪ್ಟೆಂಬರ್ ೬

ಹಡಗು ಹೋಯಿತು. ಕಾಗದದ ಜೊತೆಗೆ ಕಾರ್ಲೋಸ್‌ಗೆ ನನ್ನದೊಂದು ಪತ್ರ, ಫಾದರ್ ಕೈಯಿಂದ ಸ್ಪ್ಯಾನಿಷ್‌ನಲ್ಲಿ. ಅದರಲ್ಲಿ ಮಾವ ಹೇಳಿದ್ದನ್ನೆಲ್ಲ ಬರೆಸಿದ್ದೇನೆ, ಮೀನಿನ ವಿಷಯ ಸಹ. ನಿನಗೆ ಮೀನು ಸೇರುತ್ತದೆಯೇ ಎಂದು ಕೇಳಿದ್ದೇನೆ.

ಡಿಸೆಂಬರ್ ೨

ಮಾವನಿಗೆ ಕೆಮ್ಮು ಹಿಡಿದಿದೆ. ಪೂಜೆಯಲ್ಲಿ ಮುಂದಿನ ಕುರ್ಚಿ ಈಗ ಅವರಿಗೆ. ನಾನು ಸೈವ್ ಪಕ್ಕದ ಹುಲ್ಲಿನ ಕಟ್ಟಿನ ಮೇಲೆ ಕೂರುತ್ತೇನೆ, ಬೆನ್ನಿಗೆ ಅದೇ ಬೆಚ್ಚಗೆ. ಮನೆಗೆ ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ. ಹುಡುಗನಿಗೆ ಅಧಿಕಾರಿಯ ಕತ್ತಿ ಸಿಕ್ಕಿತಾ? ಇನ್ನೂ ಸುದ್ದಿಯಿಲ್ಲ ಎನ್ನುತ್ತೇನೆ. ಸಿಗದೆ ಹೋದರೆ ಅದು ನನ್ನಿಂದ, ನಮ್ಮ ಮನೆಯ ತೊಗಲಿನಿಂದ ಎಂದು ಗೋಡೆಗೆ ಮುಖ ಮಾಡುತ್ತಾರೆ. ನಿಮ್ಮಿಂದ ಅಲ್ಲ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

೧೭೬೫, ಫೆಬ್ರವರಿ ೨೦

ಮಾವ ಹಾಸಿಗೆಯಿಂದ ಏಳುತ್ತಿಲ್ಲ. ಈ ವಾರ ನಾನು ಸೈವ್ ಮನೆಯಲ್ಲೇ ಮಲಗುತ್ತಿದ್ದೇನೆ. ಕುಂಟ ಡೋನಲ್ ಯಾಕೆ ಕುಂಟ ಎಂದು ಕೇಳಿದೆ. ಅದು ಅತ್ತೆಗೂ ಗೊತ್ತಿರಲಿಲ್ಲ ಎಂದರು. ಇಬ್ಬರೂ ಸೇರಿ ಮೂರು ಕಾರಣ ಕಟ್ಟಿದೆವು.

ಮಾರ್ಚ್ ೧೧

ಬಂತು. ದೊನ್ಯಾ ಇನೆಸ್ ಬರೆದದ್ದು ಐದೇ ಸಾಲು, ಫಾದರ್ ತಗ್ಗಿದ ದನಿಯಲ್ಲಿ ಓದಿದರು. ಕಾಗದವನ್ನು ಎಲ್ಲರ ಮುಂದೆ ಓದಿದರಂತೆ. ಅಧಿಕಾರಿಗಳು ನಕ್ಕರಂತೆ. ಹುಡುಗನನ್ನು ತೆಗೆದುಕೊಳ್ಳಲಿಲ್ಲ. ಆಫ್ರಿಕಾದ ಕೋಟೆಯೊಂದಕ್ಕೆ ಸಾಮಾನ್ಯ ಸಿಪಾಯಿಯಾಗಿ ಕಳಿಸಿದ್ದಾರೆ. ನನಗೆ ಪತ್ರ ಬರೆಯುವ ಮನಸ್ಸು ಅವನಿಗಿಲ್ಲ, ಇನ್ನು ಮುಂದೆ ಬರೆಯಬೇಡಿ.

ಫಾದರ್ ಕಾಗದ ಮಡಚಿ ನನ್ನ ಕೈಗೆ ಕೊಟ್ಟು, ತಪ್ಪು ಮಾಡಿದೆನೆಂದು ಅಂದುಕೊಳ್ಳಬೇಡಿ ಎಂದರು. ನನಗೆ ಗೊತ್ತಿಲ್ಲ. ಆ ಹುಡುಗ ಈಗ ಬಿಸಿಲಿನಲ್ಲಿ ಬಂದೂಕು ಹೊತ್ತು ನಿಂತಿದ್ದಾನೆ. ಅವನಿಗೆ ನಾನು ಹಾಗೆ ಮಾಡಿದೆ. ಇದಕ್ಕೆ ಮದ್ದಿಲ್ಲ.

ಮಾರ್ಚ್ ೧೨

ಹಡಗು ಬಂದ ಸುದ್ದಿ ನನಗಿಂತ ಮುಂಚೆ ಮಾವನನ್ನು ತಲುಪಿತ್ತು. ಬಾಗಿಲು ದಾಟುವ ಮುನ್ನವೇ ಕೇಳಿದರು. ಧ್ವನಿ ಇಲ್ಲ, ಬರೀ ಗಾಳಿ. ಕಣ್ಣು ಮಾತ್ರ ನನ್ನ ಮೇಲೇ ಇತ್ತು.

“ಹುಡುಗನಿಗೆ ಕತ್ತಿ ಸಿಕ್ತೇನೇ?”

“ಸಿಕ್ತು ಮಾವ” ಎಂದೆ.

ಅವರು ಕಣ್ಣು ಮುಚ್ಚಿದರು. ಉಸಿರು ನಿಧಾನವಾಯಿತು, ಭುಜ ಹಾಸಿಗೆಗೆ ಇಳಿಯಿತು. ಸೈವ್ ನನ್ನ ಮುಖ ನೋಡಿ ತಿಳಿದುಕೊಂಡಳು, ಬೆನ್ನು ತಿರುಗಿಸಿ ಒಲೆಗೆ ಒಣಗಿಸಿದ ಜೌಗುಮಣ್ಣಿನ ಹೆಂಟೆ ಹಾಕತೊಡಗಿದಳು. ಮಾವ ನಿದ್ದೆಹೋದರೆಂದು ನಾನು ಏಳಹೊರಟಾಗ ಕಣ್ಣು ತೆರೆದು, ಕೋಟು ಯಾವ ಬಣ್ಣ ಎಂದರು. ಕೆಂಪು ಎಂದೆ. ಗುಂಡಿ? ಬೆಳ್ಳಿಯದು ಎಂದೆ. ಕತ್ತಿಯ ಹಿಡಿ ತೊಗಲಿನದೋ ದಾರದ್ದೋ? ತೊಗಲಿನದು, ಒಳ್ಳೆಯ ಹೊಲಿಗೆ ಎಂದೆ. ಕತ್ತಿ ಜೋತಾಡುವ ಪಟ್ಟಿಗೆ ಎಷ್ಟು ಹೊಲಿಗೆ ಎಂದು ಕೇಳಿದರು. ಅದನ್ನು ಬರೆದಿಲ್ಲ ಎಂದೆ. ಅದೇ ಮುಖ್ಯವಾದದ್ದು, ಅದನ್ನೇ ಬರೆದಿಲ್ಲ ನೋಡು ಎಂದು ಗೊಣಗಿದರು. ಕರ್ನಲ್ ಏನಂದ ಎಂದು ಕೇಳಿದರು. ಸೋರಹಾಳ ವಿಷಯ ಓದಿ ಎದ್ದು ನಿಂತನಂತೆ ಎಂದೆ. ಮಾವ ಇದನ್ನು ಮೂರು ಸಲ ಹೇಳಿಸಿಕೊಂಡರು.

ಪುಸ್ತಕ ಮುಟ್ಟಿ ಅವರು ಸುಳ್ಳು ಹೇಳುವುದನ್ನು ತಡೆದವಳು ನಾನು. ಮಧ್ಯಾಹ್ನದವರೆಗೆ ಕೂತು ನಾನು ಹೇಳಿದ್ದರಲ್ಲಿ ಒಂದು ಮಾತೂ ನಿಜವಲ್ಲ. ಪಾಪನಿವೇದನೆಗೆ ಫಾದರ್ ಬಳಿ ಹೋಗಬೇಕು. ಈಗಲೇ ಅಲ್ಲ, ಇದು ಇನ್ನೂ ಮುಗಿದಿಲ್ಲ. ಹೊರಡುವಾಗ ಮಾವ ನನ್ನ ಕೈ ಹಿಡಿದು, ಹುಡುಗನಿಗೆ ಕುದುರೆ ಕೊಟ್ಟರೋ ಇಲ್ಲವೋ ಎಂದರು. ಕೊಟ್ಟಿದ್ದಾರೆ, ಆಯಾಸ ಮಾಡಿಕೊಳ್ಳಬೇಡಿ, ನಾಳೆ ಹೇಳುತ್ತೇನೆ ಎಂದು ಬಂದೆ. ಅದರ ಬಣ್ಣ, ಹೆಸರು, ಎಷ್ಟು ವಯಸ್ಸು, ಎಲ್ಲವನ್ನೂ ಈಗಲೇ ಯೋಚಿಸಿ ಇಟ್ಟುಕೊಳ್ಳಬೇಕು.